ಮನೆ ಸಿಕ್ಕರೆ ಸಾಲದು, ಜೊತೆಗೊಬ್ಬರು ಬೇಕು

2015ರ ಜುಲೈ 28ರ ರಾತ್ರಿ ಠಾಕುರ್ಲಿಯ ‘ಮಾತೃಕೃಪಾ’ ಕಟ್ಟಡ ಕುಸಿದು 9 ಮಂದಿ ತೀರಿಕೊಂಡರು. ಮಳೆಗಾಲಕ್ಕೆ ಮುಂಚೆ ಹಳೆಯ ಕಟ್ಟಡಗಳಿಗೆ ‘ಧೋಕಾದಾಯಕ’ ಎಂಬ ನೋಟಿಸು ಬಂದಾಗಲೆಲ್ಲ ಇಲ್ಲಿಯವರಿಗೆ ಆ ರಾತ್ರಿ ನೆನಪಾಗುತ್ತದೆ. ನೋಟಿಸು ಕಂಡ ಸಂಸಾರಸ್ಥರು ಹೇಗೋ ಬೇರೆ ಬಾಡಿಗೆ ಮನೆ ಹುಡುಕಿಕೊಳ್ಳುತ್ತಾರೆ. ಒಂಟಿ ಮುದುಕರು, ವಿಧವೆಯರು, ಅಂಗವಿಕಲರು ಮಾತ್ರ ಅಲ್ಲೇ ಉಳಿಯುತ್ತಾರೆ. ಡಿಪಾಸಿಟ್ಟಿಗೆ ಅವರಲ್ಲಿ ದುಡ್ಡಿರುವುದಿಲ್ಲ, ಒಂಟಿ ಜನರೆಂದರೆ ಮನೆ ಕೊಡಲು ಮಾಲಕರೂ ಹಿಂದೆಮುಂದೆ ನೋಡುತ್ತಾರೆ.

ಹಾಗೆ ಉಳಿದವರಲ್ಲಿ ನಾವೆಲ್ಲ ‘ಅಣ್ಣ’ ಎಂದು ಕರೆಯುವ ಒಬ್ಬರಿದ್ದರು. ಹುಡುಗನಾಗಿದ್ದಾಗಲೇ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಪೋಲಿಯೊದಿಂದ ಎಡಗಾಲು ಸೊರಗಿದ್ದರಿಂದ ಹೋಟೆಲಿನ ಕೌಂಟರಿನಲ್ಲಿ ಕೂಪನ್ ಹರಿಯುವ ಕೆಲಸ ಮಾಡಿದರು. ಊಟವೂ ನಿದ್ದೆಯೂ ಹೋಟೆಲಿನಲ್ಲೇ. ನಲವತ್ತು ವರ್ಷದ ಮೇಲೆ ಹೋಟೆಲು ಮುಚ್ಚಿದಾಗ ಅವರಿಗೆ ಒಂದು ವಿಷಯ ಹೊಳೆಯಿತು: ತನ್ನದೆಂದು ಹೇಳಿಕೊಳ್ಳುವ ಒಂದು ವಿಳಾಸವೂ ಇಲ್ಲ.

“ಊರಿಗೆ ಹೋಗಬಹುದಲ್ಲ” ಎಂದವರು ಬಹಳ ಮಂದಿ. ಕರ್ನಾಟಕದಲ್ಲಿ ವಿಧವೆಯರು, ಅಂಗವಿಕಲರು, ಕುಷ್ಠರೋಗದಿಂದ ಗುಣವಾದವರು, ಮಾಜಿ ದೇವದಾಸಿಯರಂಥವರಿಗಾಗಿಯೇ ದೇವರಾಜ ಅರಸು ವಸತಿ ಯೋಜನೆ ಇದೆ ನಿಜ. ಆದರೆ ಇವರ ಹೆಸರು ಊರಿನ ರೇಷನ್ ಕಾರ್ಡಿನಲ್ಲಿ ಎಂದೋ ಹೋಗಿದೆ. ಊರಿನ ಮನೆ ಅವರ ಅಣ್ಣನ ಹೆಸರಿನಲ್ಲಿದೆ. “ಹಬ್ಬಕ್ಕೆ ಹೋದ್ರೆ ನಾನು ನೆಂಟ. ಅಲ್ಲೇ ಕೂತ್ರೆ ಭಾರ ಮಾರಾಯ” ಎಂದರು.

ಹಾಗಾದರೆ ಇಲ್ಲಿ ಏನಿದೆ? ಹುಡುಕಿದಾಗ ಗೊತ್ತಾದದ್ದು, ಸಾಕಷ್ಟಿದೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಡವರ ಫ್ಲ್ಯಾಟಿಗೆ ಕೇಂದ್ರದಿಂದ 1.5 ಲಕ್ಷ, ಮಹಾರಾಷ್ಟ್ರ ಸರಕಾರದಿಂದ 1 ಲಕ್ಷ ರೂಪಾಯಿ ಸಹಾಯಧನ ಇತ್ತು. ದುಡಿಯುವ ಒಂಟಿ ವ್ಯಕ್ತಿಯನ್ನೂ ಒಂದು ಕುಟುಂಬವೆಂದೇ ಎಣಿಸುತ್ತಿದ್ದರು. ದೇಶದಲ್ಲಿ ಎಲ್ಲೂ ಅವರ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು, ಅಷ್ಟೆ. ಅಂಗವಿಕಲರು, ಹಿರಿಯ ನಾಗರಿಕರು ಇರುವ ಮನೆಯವರಿಗೆ ನೆಲಮಹಡಿ ಅಥವಾ ಕೆಳಗಿನ ಮಹಡಿ ಕೊಡಲು ಆದ್ಯತೆ ಇರಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸರಕಾರಿ ವಸತಿ ಯೋಜನೆಗಳಲ್ಲಿ ಅವರಿಗೆ ಶೇ. 5 ಮೀಸಲಾತಿ. ಕಲ್ಯಾಣ ತಾಲೂಕಿನ ಖೋಣಿ, ಶಿರಢೋಣಗಳಲ್ಲಿ ಮ್ಹಾಡಾದ ಕೊಂಕಣ ಮಂಡಳಿ ಕಟ್ಟಿದ ಮನೆಗಳು ಈ ಯೋಜನೆಯವೇ. ಲಾಟರಿಯಲ್ಲಿ ಖಾಲಿ ಉಳಿದ ಮನೆಗಳನ್ನು ‘ಮೊದಲು ಬಂದವರಿಗೆ ಮೊದಲು’ ಎಂದು ಕೊಟ್ಟದ್ದೂ ಉಂಟು.

ಮನೆ ಇತ್ತು, ಕಾನೂನು ಇತ್ತು. ಇಲ್ಲದ್ದು ಕಾಗದಪತ್ರ. ಮಹಾರಾಷ್ಟ್ರದಲ್ಲಿ ಹದಿನೈದು ವರ್ಷ ಇದ್ದೇನೆಂಬ ಡೊಮಿಸೈಲ್ ಸರ್ಟಿಫಿಕೇಟ್ ಬೇಕು. ಹೋಟೆಲಿನಲ್ಲಿ ಮಲಗಿ ಬದುಕು ಕಳೆದವನಿಗೆ ಲೈಟ್ ಬಿಲ್ ಎಲ್ಲಿಂದ ಬರಬೇಕು? ಒಂದು ಕಚೇರಿಯಲ್ಲಿ ಮೂರು ಸಲ ವಾಪಸು ಕಳಿಸಿದರು. ಅಣ್ಣ ಫೈಲು ಮಂಚದ ಕೆಳಗೆ ತಳ್ಳಿ ಸುಮ್ಮನಾದರು.

ಆ ಫೈಲನ್ನು ಈಚೆಗೆ ತಂದವರು ನಮ್ಮ ಗೆಳೆಯರ ಬಳಗದ ಒಬ್ಬ ನಿವೃತ್ತ ಬ್ಯಾಂಕ್ ನೌಕರರು. ಅಣ್ಣನ ಟ್ರಂಕಿನಲ್ಲಿ ಕನ್ನಡ ರಾತ್ರಿಶಾಲೆಯ ಲೀವಿಂಗ್ ಸರ್ಟಿಫಿಕೇಟ್ ಸಿಕ್ಕಿತು. ಹಳೆಯ ಪಾಸ್‌ಬುಕ್, ಪಿ.ಎಫ್. ಚೀಟಿ, ಮತದಾರರ ಕಾರ್ಡು ಒಂದೊಂದಾಗಿ ಜೋಡಿಸಿದೆವು. ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಾನು ಅವರೊಡನೆ ಎರಡು ದಿನ ನಿಂತೆ. ಉಳಿತಾಯದ ಹಣ ಸಾಲಲಿಲ್ಲ. ಕಡಿಮೆ ಬಿದ್ದದ್ದನ್ನು ಊರಿನ ಅಣ್ಣ ಕಳಿಸಿಕೊಟ್ಟರು. ಒಂದೂವರೆ ವರ್ಷ ಹಿಡಿಯಿತು. ಕೊನೆಗೆ ಒಂದನೇ ಮಹಡಿಯಲ್ಲಿ ಒಂದು ಪುಟ್ಟ ಮನೆಯ ಕೀಲಿಕೈ ಅವರ ಕೈಗೆ ಬಂತು.

ಹೊಸ ವಿಳಾಸದ ಆಧಾರ್ ಕಾರ್ಡು ಬಂದ ದಿನ ಅವರು ನನಗೆ ಫೋನ್ ಮಾಡಿ ವಿಳಾಸವನ್ನು ಪೂರ್ತಿ ಓದಿ ಹೇಳಿದರು. ಪಿನ್‌ಕೋಡ್ ಸಹಿತ.

ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮೂರು ತಿಂಗಳಲ್ಲಿ ಅವರು ಬಿ.ಪಿ. ಮಾತ್ರೆ ನಿಲ್ಲಿಸಿದ್ದು ಗೊತ್ತಾಯಿತು. ಡೊಂಬಿವಲಿಯ ಡಾಕ್ಟರ ಬಳಿ ಬರಲು ಶೇರ್ ರಿಕ್ಷಾ ಹತ್ತಿಳಿಯಲು ಒಬ್ಬರಿಗೇ ಆಗುತ್ತಿರಲಿಲ್ಲ. ಸೊಸೈಟಿಯ ಮರಾಠಿ ನೋಟಿಸು ಅರ್ಥವಾಗದೆ ಮೇಂಟೆನೆನ್ಸ್ ಬಾಕಿ ಬಿದ್ದಿತ್ತು. ಹೋಟೆಲಿನಲ್ಲಿ ಮಾತಾಡಿದ ಮರಾಠಿ ಕಾಗದದ ಮರಾಠಿಗೆ ಸಾಲದು.

ಇಂಗ್ಲೆಂಡಿನಲ್ಲಿ 2003ರಲ್ಲಿ ‘ಸಪೋರ್ಟಿಂಗ್ ಪೀಪಲ್’ ಎಂಬ ಕಾರ್ಯಕ್ರಮ ಬಂತು. ಅಲ್ಲಿ ಸರಕಾರ ಹಣ ಕೊಟ್ಟದ್ದು ಗೋಡೆಗಲ್ಲ, ಜೊತೆಗಾರರಿಗೆ: ವೃದ್ಧರು, ಅಂಗವಿಕಲರು, ಮನೋರೋಗದಿಂದ ಚೇತರಿಸಿಕೊಂಡವರು ತಮ್ಮ ಮನೆಯಲ್ಲೇ ಸ್ವತಂತ್ರವಾಗಿ ಬಾಳಲು ಬಿಲ್ಲು, ಅರ್ಜಿ, ಡಾಕ್ಟರು ಇಂಥ ವಿಷಯಗಳಲ್ಲಿ ನೆರವಾಗುವವರಿಗೆ. 2009ರಲ್ಲಿ ಆ ಹಣ ಅದಕ್ಕೇ ಖರ್ಚಾಗಬೇಕೆಂಬ ಕಟ್ಟು ತೆಗೆದ ಮೇಲೆ ಹಲವೆಡೆ ಅದು ಸೊರಗಿತು. ನಮ್ಮ ವಸತಿ ಯೋಜನೆಗಳಲ್ಲಿ ಇಂಥ ಜೊತೆಗಾರರ ಲೆಕ್ಕವೇ ಇಲ್ಲ. ಇಲ್ಲಿ ಆ ಕೆಲಸ ಮನಸ್ಸುಳ್ಳವರ ಪಾಲಿಗೆ ಬಂದಿದೆ. ನಮ್ಮ ಪತ್ರಿಪುಲ್ ಬಳಿಯ ಕುಷ್ಠಪೀಡಿತರ ವಸತಿಯನ್ನೇ ನೋಡಿ. ನೌಕಾಪಡೆಯಿಂದ ನಿವೃತ್ತರಾದ ಡೊಂಬಿವಲಿಯ ಗಜಾನನ ಮಾನೆ ಅಲ್ಲಿಯವರ ಚಿಕಿತ್ಸೆ, ಪುನರ್ವಸತಿಗೆ ವರ್ಷಗಟ್ಟಲೆ ದುಡಿದರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಮ್ಮಿಂದ ಅಷ್ಟು ದೊಡ್ಡದು ಆಗಲಿಕ್ಕಿಲ್ಲ. ಈಗ ನಾವು ಐದು ಮಂದಿ ಪಾಳಿ ಮಾಡಿಕೊಂಡಿದ್ದೇವೆ. ಒಬ್ಬರು ತಿಂಗಳಿಗೊಮ್ಮೆ ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಮರಾಠಿ ಕಾಗದಗಳ ಫೋಟೋ ನನಗೆ ಬರುತ್ತದೆ. ಮುಂಬಯಿ, ಠಾಣೆಯ ಕನ್ನಡ ಸಂಘಗಳಲ್ಲಿ ಯಕ್ಷಗಾನಕ್ಕೆ, ಸನ್ಮಾನಕ್ಕೆ ಸಮಿತಿಗಳಿವೆ. ಅರ್ಜಿ ತುಂಬಿಸಿ, ಸಾಲಿನಲ್ಲಿ ಜೊತೆಗೆ ನಿಲ್ಲುವ ಸಮಿತಿಯೊಂದಿದ್ದರೆ ಎಷ್ಟು ಫೈಲುಗಳು ಮಂಚದ ಕೆಳಗಿಂದ ಈಚೆಗೆ ಬಂದಾವು!

ಹೋದ ಭಾನುವಾರ ಅಣ್ಣನ ಮನೆಗೆ ಹೋಗಿದ್ದೆ. “ಕೂಪನ್ ಬೇಡ, ಕೂತ್ಕೋ” ಎಂದು ನಗುತ್ತ ಕಾಫಿ ಕೊಟ್ಟರು.