ಗದ್ದದ ಕೆಳಗೆ ನೀರು: ತೊಂದರೆ ಲಿವರಿನದೋ, ಹೃದಯದ್ದೋ?



ಆಕಳು, ಎಮ್ಮೆಯ ಗದ್ದದ ಕೆಳಗೆ ಮೆತ್ತನೆಯ ಬಾವು ಕಂಡರೆ ಜಂತಿನ ಔಷಧ ಕುಡಿಸಿ ಸುಮ್ಮನಾಗುವವರು ಬಹಳ. ಆದರೆ ಬಾವು ಒಂದೇ ರೀತಿ ಕಂಡರೂ ಕಾರಣ ಬೇರೆ ಇರಬಹುದು. ಲಿವರ್ ಕೆಟ್ಟರೂ ನೀರು ತುಂಬುತ್ತದೆ, ಹೃದಯ ಕೆಟ್ಟರೂ ತುಂಬುತ್ತದೆ. ರಾಸು ಉಳಿಯುತ್ತದೆಯೋ ಇಲ್ಲವೋ ಎಂಬುದು ಕಾರಣವನ್ನು ಎಷ್ಟು ಬೇಗ ಗುರುತಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಲಿವರ್ ಕೆಟ್ಟಾಗ

ಸಿಂಧನೂರು, ಮಸ್ಕಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೆಲ್ಲಿನ ಗದ್ದೆಗಳಿವೆ. ಲಿಂಗಸುಗೂರು ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬರುತ್ತದೆ. ನೀರು ನಿಂತಲ್ಲಿ ಬಸವನಹುಳು ಇರುತ್ತದೆ. ಲಿವರಿನ ಚಪ್ಪಟೆ ಹುಳುವಿನ ಮರಿಗಳು ಈ ಬಸವನಹುಳುವಿನೊಳಗೆ ಬೆಳೆದು ಹೊರಬಂದು, ನೀರಿನ ಅಂಚಿನ ಹುಲ್ಲಿಗೆ, ನೆಲ್ಲಿನ ದಂಟಿನ ಬುಡಕ್ಕೆ ಅಂಟಿಕೊಳ್ಳುತ್ತವೆ. ಆ ಹುಲ್ಲು ತಿಂದ ರಾಸಿನ ಹೊಟ್ಟೆ ಸೇರಿ, ಲಿವರನ್ನು ಕೊರೆದು ಪಿತ್ತನಾಳದಲ್ಲಿ ನೆಲೆಸುತ್ತವೆ.

ಕೊರೆದ ಜಾಗ ಗಾಯವಾಗಿ, ಮಾಯ್ದು ನಾರಿನಂತೆ ಗಟ್ಟಿಯಾಗುತ್ತದೆ. ಇದೇ ಸಿರೋಸಿಸ್. ರಕ್ತದಲ್ಲಿ ನೀರನ್ನು ಹಿಡಿದಿಡುವ ಆಲ್ಬುಮಿನ್ ಎಂಬ ಪ್ರೋಟೀನು ತಯಾರಾಗುವುದು ಲಿವರಿನಲ್ಲಿಯೇ. ಅದು ಕಡಿಮೆಯಾದಾಗ ನೀರು ಸೋರಿ ಗದ್ದದ ಕೆಳಗೆ ನಿಲ್ಲುತ್ತದೆ. ಹುಳುಗಳು ರಕ್ತವನ್ನೂ ಹೀರುವುದರಿಂದ ರಕ್ತಹೀನತೆಯಾಗಿ, ಹೃದಯ ಜೋರಾಗಿ ಬಡಿಯಬೇಕಾಗುತ್ತದೆ. ಮನುಷ್ಯರಲ್ಲಿಯೂ ಸಿರೋಸಿಸ್ ಆದವರ ಹೃದಯ ಸುಮ್ಮನೆ ಕೂತಾಗ ಸರಿಯಿದ್ದಂತೆ ಕಂಡು, ಶ್ರಮ ಬಿದ್ದಾಗ ಸೋಲುವುದುಂಟು. ಆದ್ದರಿಂದ ಇಂತಹ ರಾಸನ್ನು ಬಿಸಿಲಲ್ಲಿ ದೂರ ನಡೆಸಬೇಡಿ. ವೈದ್ಯರಲ್ಲದವರಿಂದ ಗ್ಲೂಕೋಸ್ ಬಾಟಲಿ ಏರಿಸಬೇಡಿ.

ಹೃದಯ ಕೆಟ್ಟಾಗ

ಮೇವಿನ ಜೊತೆ ನುಂಗಿದ ತಂತಿ, ಮೊಳೆ, ಸೂಜಿ ರಾಸಿನ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತವೆ. ಅದಕ್ಕೂ ಹೃದಯಕ್ಕೂ ನಡುವೆ ತೆಳುವಾದ ಮಾಂಸದ ಪರದೆ ಮಾತ್ರ ಇದೆ. ಗಬ್ಬದ ಭಾರಕ್ಕೆ, ಈಯುವಾಗ ಮುಕ್ಕುವ ಒತ್ತಡಕ್ಕೆ ತಂತಿ ಮುಂದೆ ಸರಿದು ಹೃದಯದ ಚೀಲಕ್ಕೆ ಚುಚ್ಚುತ್ತದೆ. ಚೀಲದಲ್ಲಿ ಕೀವು ತುಂಬಿದಾಗ ಹೃದಯ ಅಗಲಲಾರದೆ ರಕ್ತ ಹಿಂದಕ್ಕೆ ನಿಲ್ಲುತ್ತದೆ. ಆಗ ಲಿವರೂ ಊದಿಕೊಳ್ಳುತ್ತದೆ.

ಮನೆಯಲ್ಲಿ ಗಮನಿಸಬೇಕಾದದ್ದು

ಲಿವರಿನ ತೊಂದರೆಯಲ್ಲಿ ರಾಸು ನಿಧಾನವಾಗಿ, ವಾರಗಟ್ಟಲೆ ಸೊರಗುತ್ತದೆ. ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಹಳದಿಯಾಗುತ್ತದೆ. ಆಗಾಗ ಭೇದಿ, ಹಾಲು ಕಡಿಮೆ.

ಹೃದಯದ ತೊಂದರೆಯಲ್ಲಿ ಬಾವು ಎದೆಯ ಕೆಳಗೆ, ಮುಂಗಾಲುಗಳ ನಡುವೆಯೂ ಇರುತ್ತದೆ. ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬುತ್ತದೆ. ರಾಸು ಮೊಣಕೈ ಹೊರಗೆ ಚಾಚಿ, ಬೆನ್ನು ಬಾಗಿಸಿ ನಿಲ್ಲುತ್ತದೆ, ಇಳಿಜಾರು ಇಳಿಯಲು ಒಲ್ಲದು, ನರಳುತ್ತದೆ.

ಬಾವು ಬಿಸಿಯಾಗಿದ್ದು, ಜ್ವರ, ಗೊರಗೊರ ಉಸಿರು ಇದ್ದರೆ ಅದು ಗಳಲೆ ರೋಗ ಇರಬಹುದು. ಒಂದು ಗಂಟೆಯೂ ಕಾಯದೆ ವೈದ್ಯರನ್ನು ಕರೆಯಿರಿ.

ರಾಸು ಉಳಿಯುತ್ತದೆಯೇ?

ಬಾವು ಬರುವ ಮುಂಚೆ, ಸೊರಗತೊಡಗಿದಾಗಲೇ ಚಪ್ಪಟೆ ಹುಳುವಿಗೆ ಸರಿಯಾದ ಔಷಧ ಬಿದ್ದರೆ ಬಹುತೇಕ ರಾಸುಗಳು ಚೇತರಿಸಿಕೊಳ್ಳುತ್ತವೆ. ಬಾವು ಬಂದ ಮೇಲೂ ಮೇವು ತಿನ್ನುತ್ತಿದ್ದರೆ ಆಸೆ ಇದೆ. ಆದರೆ ನಾರುಗಟ್ಟಿದ ಲಿವರ್ ಮೊದಲಿನಂತಾಗುವುದಿಲ್ಲ, ಹಾಲು ಹಿಂದಿನ ಮಟ್ಟಕ್ಕೆ ಏರದೆ ಇರಬಹುದು. ಕಾಮಾಲೆಯಾಗಿ ನೆಲ ಹಿಡಿದ ರಾಸು ಉಳಿಯುವುದು ಕಷ್ಟ.

ತಂತಿ ಹೃದಯ ಮುಟ್ಟುವ ಮೊದಲು ಅಯಸ್ಕಾಂತ ನುಂಗಿಸಿ, ಇಲ್ಲವೇ ಶಸ್ತ್ರಚಿಕಿತ್ಸೆ ಮಾಡಿ ಉಳಿಸಬಹುದು. ಎದೆಯಲ್ಲಿ ನೀರು ಇಳಿದು ಕತ್ತಿನ ನಾಳ ಉಬ್ಬಿದ ಮೇಲೆ ಉಳಿಯುವುದು ಅಪರೂಪ. ವೈದ್ಯರು ಹಾಗೆ ಹೇಳಿದರೆ ಸಾಲ ಮಾಡಿ ಔಷಧಕ್ಕೆ ಸುರಿಯಬೇಡಿ.

ನೀವು ಮಾಡಬೇಕಾದದ್ದು

• ಗದ್ದೆ ಬದುವಿನ, ಕಾಲುವೆ ಅಂಚಿನ ಹಸಿ ಹುಲ್ಲಿನ ಬುಡವನ್ನು ಬಿಟ್ಟು ಮೇಲ್ಭಾಗ ಕೊಯ್ದು ತನ್ನಿ. ನೆಲ್ಲುಹುಲ್ಲನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಬಣವೆ ಹಾಕಿ.
• ಕುಡಿಯಲು ತೊಟ್ಟಿಯ ನೀರು ಕೊಡಿ, ಗದ್ದೆಯಲ್ಲಿ ನಿಂತ ನೀರು ಬೇಡ.
• ಸಗಣಿ ಪರೀಕ್ಷೆ ಮಾಡಿಸಿ. ಹುಳು ಹೊಕ್ಕು ಸುಮಾರು ಮೂರು ತಿಂಗಳಾದ ಮೇಲೆಯೇ ಮೊಟ್ಟೆ ಕಾಣುವುದರಿಂದ, ಮೊದಲ ಸಲ ಏನೂ ಸಿಗದಿದ್ದರೆ ಮತ್ತೊಮ್ಮೆ ಮಾಡಿಸಿ.
• ಎಲ್ಲ ಜಂತಿನ ಔಷಧವೂ ಚಪ್ಪಟೆ ಹುಳುವನ್ನು ಕೊಲ್ಲುವುದಿಲ್ಲ. ಆಕ್ಸಿಕ್ಲೋಜನೈಡ್ ಬಲಿತ ಹುಳುವನ್ನು ಮಾತ್ರ ಕೊಲ್ಲುತ್ತದೆ. ಎಳೆಯ ಹುಳುವನ್ನೂ ಕೊಲ್ಲುವ ಟ್ರೈಕ್ಲಾಬೆಂಡಜೋಲ್ ಹಾಲು ಕರೆಯುವ ರಾಸಿಗೆ ಬೇಡ. ತೂಕ, ಗಬ್ಬ, ಹಾಲು ನೋಡಿ ವೈದ್ಯರೇ ಬರೆಯಲಿ. ಅವರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ.
• ಮನೆ ಕಟ್ಟುವ ಜಾಗದ ಹತ್ತಿರ ರಾಸು ಕಟ್ಟಬೇಡಿ. ಮೇವಿನ ಕಟ್ಟಿನ ತಂತಿಯನ್ನು ಕತ್ತರಿಸಿದ ಕೂಡಲೇ ಡಬ್ಬಿಗೆ ಹಾಕಿ.

ಬಾವು ಕಂಡ ದಿನವೇ ನಿಮ್ಮ ಸಂಘದ ಕಾರ್ಯದರ್ಶಿಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ದಿನಾ ಹಾಲು ಕರೆಯಲು ಕೂರುವಾಗ ಒಮ್ಮೆ ಗದ್ದದ ಕೆಳಗೆ, ಒಮ್ಮೆ ಎದೆಯ ಕೆಳಗೆ ಕೈಯಾಡಿಸಿ ನೋಡಿ.