ಈಗ ಹೇಳುವ ಸರದಿ ಶಾಂತಾಳದು

ಹುಮನಾಬಾದಿನ ಕಡೆ ಹೋದವರು ಜಲಸಂಗ್ವಿ ನೋಡದೆ ಬರಬೇಡಿ. ಅಲ್ಲಿನ ಚಾಲುಕ್ಯರ ಗುಡಿಯ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಬರೆಯುತ್ತಿದ್ದಾಳೆ! ಬಳುಕಿದ ಮೈ, ಎತ್ತಿದ ಕೈ, ಲೇಖನಿಯ ತುದಿಯಲ್ಲಿ ಓದಲು ಬರುವ ನಿಜವಾದ ಅಕ್ಷರ. ಸುತ್ತು ಹಾಕಿ ಮತ್ತೆ ಮತ್ತೆ ಅವಳೆದುರೇ ಬಂದು ನಿಂತೆ. ಆದರೆ ಅವಳು ಬರೆದಿರುವುದು ಸಂಸ್ಕೃತದಲ್ಲಿ ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಬರೆಯುವ ಕೈ ಹೆಣ್ಣಿನದು, ಮಾತು ಮಾತ್ರ ಅರಮನೆಯದು. ಶಿಲ್ಪಿಯ ಮೇಲೆ ಸಿಟ್ಟೇ ಬಂತು.

ಅಲ್ಲೇ ನೆನಪಾದದ್ದು ಸಾಹಿತಿ ಲಂಕೇಶರು ನಿರ್ದೇಶಿಸಿದ ಸಿನಿಮಾ ‘ಪಲ್ಲವಿ’.

ನಾನು ಆ ಸೀಮೆಗೆ ಹೊರಟದ್ದೂ ಲಂಕೇಶರ ದೆಸೆಯಿಂದಲೇ. ಅವರ ನಾಟಕ ‘ಸಂಕ್ರಾಂತಿ’ ಓದಿದವರಿಗೆ ಬಸವಕಲ್ಯಾಣದ ಸೆಳೆತ ತಪ್ಪದು. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಬಯಲಲ್ಲಿ ಆಡಿಸಿದ ಆ ನಾಟಕದಲ್ಲಿ ಕಲ್ಯಾಣದ ದೊರೆ ಬಿಜ್ಜಳ ಬರೀ ಖಳನಲ್ಲ. ಬಸವಣ್ಣನೂ ಪಟದಲ್ಲಿ ಕೂತು ಪೂಜೆ ಮಾಡಿಸಿಕೊಳ್ಳುವವನಲ್ಲ. ಬಸವಕಲ್ಯಾಣದ ಈಗಿನ 108 ಅಡಿಯ ಪ್ರತಿಮೆಗಿಂತ ನನಗೆ ಆ ಬಸವಣ್ಣನೇ ಹತ್ತಿರದವನು.

‘ಪಲ್ಲವಿ’ಗೆ ಬರೋಣ. ಲಂಕೇಶರು 1967ರಲ್ಲಿ ‘ಬಿರುಕು’ ಬರೆದರು. ಗಂಡಸಿನ ತಲೆಯೊಳಗೇ ಗಿರಕಿ ಹೊಡೆಯುವ, ನವ್ಯದ ಉಸಿರುಗಟ್ಟುವ ಕಾದಂಬರಿ. ಒಂಬತ್ತು ವರ್ಷದ ನಂತರ ಅದನ್ನೇ ಸಿನಿಮಾ ಮಾಡಹೊರಟಾಗ, ಹಾಳೆಯಲ್ಲಿದ್ದುದನ್ನು ಪರದೆಗೆ ಇಳಿಸಿ ಕೈತೊಳೆದುಕೊಳ್ಳಬಹುದಿತ್ತು. ಅವರು ಮಾಡಿದ್ದೇ ಬೇರೆ: ಕಥೆಯನ್ನು ಹೆಣ್ಣಿನ ಕೈಗೆ ಕೊಟ್ಟರು. ಕಾಲೇಜಿನ ಗೆಳೆಯರಾದ ಶಾಂತಾ, ಚಂದ್ರು ಇಬ್ಬರ ಕಣ್ಣೂ ಒಂದೇ ಕೆಲಸದ ಮೇಲೆ. ಅದು ಅವಳಿಗೆ ಸಿಗುತ್ತದೆ, ಮುಂದೆ ಅವಳು ತನ್ನ ಮೇಲಧಿಕಾರಿಯನ್ನೇ ಮದುವೆಯಾಗುತ್ತಾಳೆ. ಚಂದ್ರು ಹೇಳಿದ್ದರೆ ಇದು ಕೈಕೊಟ್ಟವಳ ಕಥೆ. ಶಾಂತಾ ನೋಡಿದಾಗ ಅವಳ ಲೆಕ್ಕಾಚಾರ, ಅಳುಕು, ಸಂಬಳದ ಆಸರೆ ಎಲ್ಲಕ್ಕೂ ಜಾಗವಿದೆ. ವಿಮಲಾ ನಾಯ್ಡು, ಟಿ.ಎನ್. ಸೀತಾರಾಮ್ ನಟಿಸಿದರು, ರಾಜೀವ್ ತಾರಾನಾಥ್ ಸಂಗೀತ ಕೊಟ್ಟರು. ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು, ಅದೂ ಮೊದಲ ಚಿತ್ರಕ್ಕೇ! ನನ್ನ ಕೇಳಿದರೆ ಆ ಪ್ರಶಸ್ತಿಯ ಅರ್ಧ ಪಾಲು ಚಿತ್ರಕಥೆಗೆ ಸೇರಬೇಕು. ಕ್ಯಾಮೆರಾ ಎಲ್ಲಿಡಬೇಕೆಂಬುದಕ್ಕೆ ಮೊದಲೇ, ಯಾರ ಕಣ್ಣಿಂದ ನೋಡಬೇಕೆಂಬುದು ಬರವಣಿಗೆಯಲ್ಲೇ ಇತ್ಯರ್ಥವಾಗಿತ್ತು.

ಮುಂದಿನ ಚಿತ್ರಗಳು ಗೊತ್ತಿರುವಂಥವೇ: ‘ಅನುರೂಪ’, ‘ಖಂಡವಿದೆಕೋ ಮಾಂಸವಿದೆಕೋ’, ‘ಎಲ್ಲಿಂದಲೋ ಬಂದವರು’. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾದ ಮೇಲೆ ಸಿನಿಮಾ ಬದಿಗೆ ಸರಿಯಿತು. ಆದರೆ ಆ ಪತ್ರಿಕೆಯಲ್ಲೂ, ಸರ್ಕಾರಗಳನ್ನು ಜಾಡಿಸುವ ಪುಟಗಳ ನಡುವೆ, ಸಂಪಾದಕರು ‘ನೀಲು’ ಎಂಬ ಹೆಣ್ಣಾಗಿ ಪುಟ್ಟ ಪದ್ಯಗಳನ್ನು ಬರೆಯುತ್ತಲೇ ಇದ್ದರು.