ಮಿಡತೆಯೂ ಜೇಕೂ

ವೈಶಾಖದ ಬಿಸಿಲಿನಲ್ಲಿ ಬೆಳಗಾವಿಯ ಖಾಸಬಾಗವನ್ನು ದಾಟಿ ಊರ ಹೊರಗಿನ ಹೊಲಗಳ ಕಡೆಗೆ ನಡೆದರೆ, ಇಲ್ಲವೆ ಖಾನಾಪುರದ ಭತ್ತದ ಗದ್ದೆಗಳನ್ನು ಕಂಡರೆ, ಒಣಗಿ ಬಿರಿದ ನೆಲವಲ್ಲದೆ ಬೇರೇನೂ ನಮ್ಮ ಕಣ್ಣಿಗೆ ಬೀಳದು. ಜೂನ್ ತಿಂಗಳ ಮಳೆ ಬಿದ್ದೊಡನೆ ಅದೇ ಬದುವಿನಲ್ಲಿ ಜೇಕಿನ ಹಸಿರು ಮೊನೆಗಳು ಏಳುವುವು. ಅವುಗಳ ಹಿಂದೆಯೇ ಎಳೆಯ ಮಿಡತೆಗಳು ಕುಪ್ಪಳಿಸತೊಡಗುವುವು. ಇಷ್ಟು ದಿನ ಇವು ಎಲ್ಲಿ ಅಡಗಿದ್ದುವು?

ಎರಡೂ ಮಣ್ಣಿನೊಳಗೇ ಇದ್ದುವು. ಆದರೆ ಇದ್ದ ಬಗೆ ಬೇರೆ.

ಭತ್ತದ ಮಿಡತೆಗೆ ಹಿಯರೋಗ್ಲಿಫಸ್ ಬನಿಯನ್ ಎಂದು ಹೆಸರು. ಹುಲ್ಲನ್ನೂ ಭತ್ತದ ಗರಿಯನ್ನೂ ತಿಂದು ಬೆಳೆಯುವ ಈ ಕೀಟಕ್ಕೆ ವರ್ಷಕ್ಕೆ ಒಂದೇ ಪೀಳಿಗೆ. ಮಳೆಗಾಲ ಹಿಂದೆಗೆಯುವಾಗ ಹೆಣ್ಣು ತನ್ನ ಉದರದ ತುದಿಯನ್ನು ನೆಲಕ್ಕೆ ಚುಚ್ಚಿ, ನೊರೆಯೊಡನೆ ಮೊಟ್ಟೆಗಳನ್ನಿಟ್ಟು ಸಾಯುವುದು. ನೊರೆ ಗಟ್ಟಿಯಾಗಿ ಚೀಲವಾಗುವುದು. ಮೊಟ್ಟೆಯೊಳಗಿನ ಬೆಳವಣಿಗೆ ನಿಂತು, ಮುಂದಿನ ಮಳೆಯವರೆಗೂ ಜೀವವು ವಿರಾಮದಲ್ಲಿರುವುದು. ತಾಯಿ ಮಕ್ಕಳ ಮುಖವನ್ನು ಎಂದೂ ಕಾಣಳು.

ಜೇಕನ್ನು ಕೊನ್ನಾರಿಯೆಂದೂ ಕರೆಯುವರು. ಔಷಧಿಯ ಅಂಗಡಿಯಲ್ಲಿ ಇದರ ಗಡ್ಡೆಯೇ ಭದ್ರಮುಷ್ಟಿ. 1753ರಲ್ಲಿ ಲಿನೀಯಸನು ಇದಕ್ಕೆ ಸೈಪರಸ್ ರೋಟಂಡಸ್ ಎಂದು ಹೆಸರಿಟ್ಟನು. ನೋಡಲು ಹುಲ್ಲಿನಂತಿದ್ದರೂ ಇದು ಹುಲ್ಲಲ್ಲ: ಹೂವಿನ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಅಂಚುಗಳು ತಾಗುವುವು. ನೆಲದೊಳಗೆ ಇದರ ಗಡ್ಡೆಗಳು ತೆಳು ಕಾಂಡಗಳಿಂದ ಸರಪಳಿಯಂತೆ ಕೂಡಿಕೊಂಡಿರುವುವು. ಇಲ್ಲಿ ಸಾವೂ ಇಲ್ಲ, ಹೊಸ ಹುಟ್ಟೂ ಇಲ್ಲ. ಮೇಲಿನ ಎಲೆ ಒಣಗಿದರೂ ಅದೇ ಗಿಡ ಕೆಳಗೆ ಉಳಿದಿರುವುದು.

ಇಬ್ಬರಿಗೂ ಮಣ್ಣೇ ಏಕೆ ಆಶ್ರಯ? ಮಣ್ಣು ಶಾಖವನ್ನು ನಿಧಾನವಾಗಿ ಸಾಗಿಸುವುದು. ಮೇಲ್ಮೈ ಹಗಲಿನಲ್ಲಿ ಕಾದು ಇರುಳಿನಲ್ಲಿ ತಣಿದರೂ, ಆಳಕ್ಕಿಳಿದಂತೆ ಈ ಏರಿಳಿತ ಕುಗ್ಗುತ್ತ, ಒಂದಡಿಯ ಕೆಳಗೆ ಬಹುಮಟ್ಟಿಗೆ ಅಳಿದೇಹೋಗುವುದು. ತೇವವೂ ಅಲ್ಲಿ ಬೇಗ ಆರದು.

ಈಗ ರೈತನ ನೇಗಿಲನ್ನು ವಿಚಾರಿಸೋಣ. ಬದುವನ್ನು ಕೆತ್ತಿ ಮಣ್ಣನ್ನು ತಿರುವಿದರೆ ಮಿಡತೆಯ ಮೊಟ್ಟೆಗಳು ಹೊರಬಿದ್ದು ಬಿಸಿಲಿಗೂ ಹಕ್ಕಿಗಳಿಗೂ ಬಲಿಯಾಗುವುವು. ಜೇಕಿನ ಸಂಗತಿ ಹಾಗಲ್ಲ. ಸರಪಳಿಯ ತುದಿಯ ಮೊಗ್ಗು ಉಳಿದ ಗಡ್ಡೆಗಳ ಮೊಗ್ಗುಗಳನ್ನು ತಡೆದಿರುವುದು. ಹಸಿ ಮಣ್ಣಿನಲ್ಲಿ ಉತ್ತರೆ ಸರಪಳಿ ತುಂಡಾಗಿ ಆ ತಡೆ ಕಳಚುವುದು. ಒಂದು ಗಿಡವಿದ್ದಲ್ಲಿ ಹತ್ತು ಏಳುವುವು. ಅದೇ ನೇಗಿಲು ಬೇಸಗೆಯಲ್ಲಿ ಆಳವಾಗಿ ಓಡಿದರೆ, ಮೇಲೆ ಬಂದ ಗಡ್ಡೆಗಳು ನೀರನ್ನು ಕಳೆದುಕೊಂಡು ಸಾಯುವುವು. ಉಳಿದವನ್ನು ದಟ್ಟವಾದ ಬೆಳೆಯ ನೆರಳು ಅಡಗಿಸುವುದು. ಜೇಕಿಗೆ ನೆರಳು ಸಹಿಸದು. ಎರಡು ಶತ್ರುಗಳಿಗೂ ಆಯುಧ ಒಂದೇ. ಒಂದರ ಮಟ್ಟಿಗೆ ಮಾತ್ರ ಕಾಲವನ್ನು ತಪ್ಪಿದರೆ ಆಯುಧವು ಶತ್ರುವಿಗೇ ನೆರವಾಗುವುದು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹತ್ತು ಜೇಕಿನ ಗಡ್ಡೆಗಳನ್ನು ಬಿಡಿಸಿ, ಐದನ್ನು ಹಸಿ ಮಣ್ಣಿನ ಕುಂಡದಲ್ಲಿ ಹೂಳಿ. ಐದನ್ನು ಎರಡು ವಾರ ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಬೇರೊಂದು ಕುಂಡದಲ್ಲಿ ನೆಟ್ಟು ನೀರೆರೆಯಿರಿ. ಎಷ್ಟು ಮೊಳೆತುವೆಂದು ಎಣಿಸಿದರೆ, ನೇಗಿಲು ಹೂಡಲು ತಕ್ಕ ಕಾಲವಾವುದೆಂಬುದು ತಾನಾಗಿಯೇ ತಿಳಿಯುವುದು.